ಹೊಗೆಗೆ ದುಡ್ಡು ಹಾಕುವ ಮೊದಲು ಬ್ಯಾರಲ್‌ನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ

ಬಡಾವಣೆಯಲ್ಲಿ ಡೆಂಗ್ಯೂ ಜಾಸ್ತಿ ಆಗಿದೆ, ಮನೆಗೆ ಇಷ್ಟು ಅಂತ ಪಟ್ಟಿ ಎತ್ತಿ ಹೊಗೆ ಹೊಡೆಸಿದರೆ ಉಪಯೋಗ ಆಗುತ್ತಾ, ಜನ ಸೇರಿ ಬೇರೇನಾದರೂ ಮಾಡಬಹುದಾ ಅಂತ ಕೇಳಿದ್ದೀರಿ.

ಹೊಗೆಯಿಂದ ಸ್ವಲ್ಪ ಉಪಯೋಗ ಆಗುತ್ತದೆ, ಕೆಲವು ದಿನದ ಮಟ್ಟಿಗೆ. ಅದು ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ, ನಾಳೆ ನಾಡಿದ್ದು ರೆಕ್ಕೆ ಬಲಿತು ಎದ್ದು ಬರುತ್ತವೆ. ಮತ್ತೆ ಹೊಗೆ ಗಾಡಿ ಬಂದಾಗ ನಾವೆಲ್ಲ ಕಿಟಕಿ, ಬಾಗಿಲು ಹಾಕಿಕೊಳ್ಳುತ್ತೇವೆ ಅಲ್ವಾ? ಡೆಂಗ್ಯೂ ತರುವ ಈಡಿಸ್ ಸೊಳ್ಳೆ ಹೆಚ್ಚಾಗಿ ಕೂತಿರುವುದು ಮನೆಯೊಳಗೇ, ಮಂಚದ ಕೆಳಗೆ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಹಿಂದೆ.

ನಮ್ಮದು ಉತ್ತರ ಕರ್ನಾಟಕದ ಒಂದು ಊರು, ಓಣಿಯಲ್ಲಿ ನಲವತ್ತು ಮನೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಕ್ಕನ ಮಗಳು ಡೆಂಗ್ಯೂ ಆಗಿ ಆರು ದಿನ ಆಸ್ಪತ್ರೆಯಲ್ಲಿದ್ದಳು. ಒಂಬತ್ತು ವರ್ಷದ ಹುಡುಗಿ. ಅದೇ ಸಾಲಿನಲ್ಲಿ ಇನ್ನೂ ಮೂರು ಮನೆಯವರಿಗೆ ಜ್ವರ. ನಾವು ಗಟಾರಕ್ಕೆ ಬೈದೆವು, ಪೌಡರ್ ಹಾಕಿಸಿದೆವು. ಆಮೇಲೆ ಆಶಾ ಕಾರ್ಯಕರ್ತೆ ಬಂದರು. ಗಟಾರದ ಕಡೆ ತಿರುಗಿಯೂ ನೋಡದೆ ಸೀದಾ ನಮ್ಮ ಬಚ್ಚಲಿಗೆ ಹೋಗಿ, ಬ್ಯಾರಲ್ ಮೇಲಿನ ತಟ್ಟೆ ಸರಿಸಿ, ಒಳಗೆ ಬ್ಯಾಟರಿ ಬಿಟ್ಟರು. ನೀರಿನ ಮೇಲ್ಗಡೆ ತಲೆಕೆಳಗಾಗಿ ಜೋತಾಡುತ್ತಿದ್ದ ಸಣ್ಣ ಸಣ್ಣ ಹುಳುಗಳೆಲ್ಲ ಬೆಳಕು ಬಿದ್ದ ಕೂಡಲೇ ಕೊಂಕಿ ಕೊಂಕಿ ತಳಕ್ಕೆ ಇಳಿದವು. ದಿನಾ ಸ್ನಾನಕ್ಕೆ, ಪಾತ್ರೆಗೆ ಬಳಸುವ ತಿಳಿನೀರು ಅದು. ಮಗುವಿಗೆ ಕಚ್ಚಿದ ಸೊಳ್ಳೆಯನ್ನು ನಾವೇ ಸಾಕಿದ್ದೆವು ಅನ್ನಿಸಿ ಆ ದಿನ ಊಟ ಸೇರಲಿಲ್ಲ.

ಗಟಾರದ ಸೊಳ್ಳೆಯೇ ಬೇರೆ, ಇದೇ ಬೇರೆ. ಇದಕ್ಕೆ ನಿಂತ ಒಳ್ಳೆಯ ನೀರು ಬೇಕು, ಕಚ್ಚುವುದು ಹಗಲಲ್ಲಿ, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರ್ ದಾಟುವುದಿಲ್ಲ. ಅಂದರೆ ನಿಮಗೆ ಕಚ್ಚುವುದು ನಿಮ್ಮ ಮನೆಯದು, ಇಲ್ಲಾ ಅಕ್ಕಪಕ್ಕದ ಮನೆಯದು. ಅದಕ್ಕೇ ಒಂದು ಮನೆ ಮಾಡಿದರೆ ಸಾಲದು, ಇಡೀ ಸಾಲು ಮಾಡಬೇಕು.

ನಾವು ನಾಲ್ಕೈದು ಜನ ಮನೆ ಮನೆಗೆ ಹೋಗಿ ವಾರಕ್ಕೊಮ್ಮೆ ನೀರು ಚೆಲ್ಲಿ ಅಂತ ಹೇಳಿದೆವು. ಮೂರನೇ ಮನೆಯಲ್ಲೇ ಒಬ್ಬ ಅಜ್ಜಿ ಕೇಳಿದರು: "ಚೆಲ್ಲು ಅಂತೀಯಲ್ಲೋ ತಮ್ಮಾ, ಮತ್ತೆ ನಳ ಬರೋತನಕ ನೀನು ತಂದು ಕೊಡ್ತೀಯೇನು?" ಅವರು ಕೇಳಿದ್ದು ಸರಿಯೇ ಇತ್ತು. ನಮ್ಮಲ್ಲಿ ನಳ ಬರುವುದು ಏಳೆಂಟು ದಿನಕ್ಕೊಮ್ಮೆ. ಮೊಟ್ಟೆ ಹಾರುವ ಸೊಳ್ಳೆ ಆಗುವುದಕ್ಕೆ 7ರಿಂದ 10 ದಿನ ಸಾಕು. ನೀರಿಗಾಗಿ ಕಾಯುವ ಆ ವಾರದಲ್ಲೇ ಸೊಳ್ಳೆ ತಯಾರಾಗುತ್ತದೆ. ಜನರಿಗೆ ತಿಳಿವಳಿಕೆ ಇಲ್ಲ ಅಂತ ಭಾಷಣ ಮಾಡುವವರು ಈ ಅಜ್ಜಿಯ ಮಾತನ್ನು ಮೊದಲು ಕೇಳಬೇಕು.

ಹಾಗಾಗಿ ನಾವು ನಳ ಬರುವ ದಿನವನ್ನೇ ತೊಳೆಯುವ ದಿನ ಮಾಡಿಕೊಂಡೆವು. ಅವತ್ತು ಹೇಗೂ ಬ್ಯಾರಲ್ ತಳ ಕಂಡಿರುತ್ತದೆ. ಉಳಿದ ನೀರನ್ನು ಹಳೆ ಪಂಚೆಯಲ್ಲಿ ಸೋಸಿ ಕೊಡಕ್ಕೆ ತುಂಬಿ, ಪಂಚೆಯಲ್ಲಿ ಉಳಿದ ಹುಳುಗಳನ್ನು ಒಣ ಮಣ್ಣಿಗೆ ಕೊಡವಿ, ಆಮೇಲೆ ಒಳಗಿನ ಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು. ಈ ಉಜ್ಜುವುದೇ ಮುಖ್ಯ. ಮೊಟ್ಟೆ ನೀರಿನ ಅಂಚಿನ ಮೇಲೆ ಗೋಡೆಗೆ ಅಂಟಿಕೊಂಡಿರುತ್ತದೆ, ಮಸಿ ಪುಡಿ ಮೆತ್ತಿದಂತೆ ಕಾಣುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತಾಗಿದಾಗ ಒಡೆಯುತ್ತದೆ. ಸುಮ್ನೆ ಚೆಲ್ಲಿ ಮತ್ತೆ ತುಂಬಿದರೆ ಅದೇ ಕಥೆ. ತುಂಬಿದ ಮೇಲೆ ಬ್ಯಾರಲ್ ಬಾಯಿಗೆ ದಟ್ಟ ಹತ್ತಿ ಬಟ್ಟೆ ಬಿಗಿಯಬೇಕು. ಪಂಕ್ಚರ್ ಅಂಗಡಿಯಿಂದ ಹಳೆ ಸೈಕಲ್ ಟ್ಯೂಬ್ ತಂದು ಉದ್ದಕ್ಕೆ ಕತ್ತರಿಸಿ ಮನೆಮನೆಗೆ ಹಂಚಿದೆವು, ಅದು ಹುರಿಗಿಂತ ಗಟ್ಟಿಯಾಗಿ ಕೂರುತ್ತದೆ, ತೆಗೆದು ಹಾಕುವುದೂ ಸುಲಭ. ಬೇಸಿಗೆಯಲ್ಲಿ ನಳ ಹತ್ತು ದಿನಕ್ಕೆ ಹೋದರೆ ನಡುವೆ ಒಂದು ಸಲ ಸೋಸಲೇಬೇಕು.

ಮೊದಲು ಎಲ್ಲರೂ ಒಪ್ಪಲಿಲ್ಲ. ಹಿರಿಯರಿಗೆ 2006ರ ಚಿಕೂನ್‌ಗುನ್ಯಾ ನೆನಪಿಸಿದೆವು, ಕೀಲು ನೋವಿನಿಂದ ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆದಿದ್ದರಲ್ಲ. ಅದನ್ನು ಹರಡಿದ್ದೂ ಇದೇ ಸೊಳ್ಳೆ ಅಂದಾಗ ಕೇಳಿಸಿಕೊಂಡರು.

ಫ್ರಿಜ್ ಹಿಂದಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿ, ಟೈರು, ತೆಂಗಿನ ಚಿಪ್ಪು ಇವನ್ನು ಮಕ್ಕಳಿಗೆ ವಹಿಸಿ. ದೊಡ್ಡವರಿಗಿಂತ ಚೆನ್ನಾಗಿ ಹುಡುಕುತ್ತಾರೆ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿ ಇದ್ದರೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಬಹುದು, ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಮೀನುಗಳಿಗೆ ತೊಂದರೆ.

ಕಟ್ಟಡ ಕೆಲಸ ನಡೆಯುವ ಜಾಗ ಕಷ್ಟದ್ದು, ಸಿಮೆಂಟ್ ಗಟ್ಟಿಯಾಗಲು ನಿಲ್ಲಿಸಿದ ಕ್ಯೂರಿಂಗ್ ನೀರು, ಲಿಫ್ಟ್ ಗುಂಡಿಯ ನೀರು ಎಲ್ಲ ಹಾಗೇ ಇರುತ್ತವೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡ ಗೊತ್ತುಮಾಡಿತು, ನಗರದಲ್ಲಿ ಮನೆಗೆ 400 ರೂಪಾಯಿ, ಕಟ್ಟಡ ಕೆಲಸದ ಜಾಗಕ್ಕೆ 2000. ಮನೆಯವರ ಮುಂದೆ ನಾವು ಆ ಮಾತು ಎತ್ತಲಿಲ್ಲ. ಕಟ್ಟಡದ ಮಾಲೀಕರಿಗೆ ಮಾತ್ರ ಹೇಳಿದೆವು, ಮಾರನೇ ದಿನವೇ ಗುಂಡಿ ಖಾಲಿ ಮಾಡಿಸಿದರು.

ಈಗಾಗಲೇ ಯಾರಿಗಾದರೂ ಜ್ವರ ಇದ್ದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನೀವಾಗಿಯೇ ಕೊಡಬೇಡಿ, ಆಸ್ಪಿರಿನ್, ಐಬುಪ್ರೊಫೆನ್ ಅಂತೂ ಬೇಡವೇ ಬೇಡ, ರಕ್ತಸ್ರಾವ ಜಾಸ್ತಿ ಆಗಬಹುದು. ಜ್ವರ ಇಳಿದ ಮೇಲೆ ಹೊಟ್ಟೆ ನೋವು, ಪದೇ ಪದೇ ವಾಂತಿ, ಒಸಡಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಹಗಲು ಮಲಗಿದಾಗಲೂ ಅವರಿಗೆ ಸೊಳ್ಳೆ ಪರದೆ ಕಟ್ಟಿ, ಅವರಿಗೆ ಕಚ್ಚಿದ ಸೊಳ್ಳೆಯೇ ಪಕ್ಕದ ಮನೆಗೆ ರೋಗ ಒಯ್ಯುತ್ತದೆ.

ನಿಮ್ಮಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ಮನೆಗೆ ಇದೆ ಅಂತ ತಿಳಿಸಿದರೆ ಯಾವುದರಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.