ವಿಶ್ವವಿದ್ಯಾಲಯವೊಂದು ತನ್ನ ಆವರಣದ ಜಮೀನು, ರಸ್ತೆ ಮತ್ತು ಕಟ್ಟಡಗಳನ್ನು ಹೇಗೆ ನಿರ್ವಹಿಸುತ್ತದೆ?

ಕಣ್ಣಿಗೆ ಬೀಳುವುದು ಕಟ್ಟಡಗಳಾದರೂ ನಿರ್ವಹಣೆಯ ಬುನಾದಿ ಇರುವುದು ಜಮೀನಿನಲ್ಲಿ. ಗಡಿಯ ಸರ್ವೆ, ಹಕ್ಕುಪತ್ರ, ಒತ್ತುವರಿಯ ಮೇಲಿನ ನಿಗಾ ಸಾಮಾನ್ಯವಾಗಿ ಎಸ್ಟೇಟ್ ವಿಭಾಗದ ಹೊಣೆ; ಯಾವ ಜಾಗ ಬೋಧನೆಗೆ, ಯಾವುದು ವಸತಿಗೆ, ಯಾವುದು ಬಯಲಾಗಿಯೇ ಉಳಿಯಬೇಕು ಎಂಬುದನ್ನು ಮುಂದಿನ ದಶಕಗಳನ್ನು ಗಮನದಲ್ಲಿಟ್ಟು ರೂಪಿಸಿ, ಆಡಳಿತ ಮಂಡಳಿ ಒಪ್ಪಿದ ಮಾಸ್ಟರ್ ಪ್ಲಾನ್ ನಿರ್ಧರಿಸುತ್ತದೆ. ಮಾರಿದ ಜಮೀನು ಮರಳಿ ಕೈಸೇರುವುದು ಅಪರೂಪವಾದ್ದರಿಂದ ಗುತ್ತಿಗೆಯೇ ಲೇಸೆಂಬುದು ನನ್ನ ಅಭಿಪ್ರಾಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 1885ರ ದಾನಪತ್ರವು ಮೂಲ ಜಮೀನನ್ನು ಮಾರದಂತೆ ನಿರ್ಬಂಧಿಸಿತ್ತು. ಹಾಗಾಗಿಯೇ ಅದು 1950ರ ದಶಕದಿಂದ ಒಂದು ಭಾಗವನ್ನು ಕಂಪನಿಗಳಿಗೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟು ಆದಾಯ ಪಡೆಯುತ್ತಿದೆ.

ಒಳರಸ್ತೆಗಳು ವಿಶ್ವವಿದ್ಯಾಲಯದ್ದೇ ಆಗಿರುವಲ್ಲಿ ಡಾಂಬರು, ಬೀದಿದೀಪ, ಚರಂಡಿ, ವೇಗಮಿತಿಗಳನ್ನು ಅದೇ ನೋಡಿಕೊಳ್ಳಬೇಕು. ಆವರಣವನ್ನು ಹಾದುಹೋಗುವ ಸಾರ್ವಜನಿಕ ರಸ್ತೆ ಮಾತ್ರ ಸರ್ಕಾರದ ಇಲ್ಲವೇ ಸ್ಥಳೀಯ ಸಂಸ್ಥೆಯ ಅಧೀನದಲ್ಲಿರುತ್ತದೆ. ರಸ್ತೆಗಿಂತ ಅದರ ಅಡಿಯಲ್ಲಿರುವುದನ್ನು ಕಾಯುವುದು ಕಷ್ಟ. ನೆಲದಡಿಯ ನಕ್ಷೆಯನ್ನು ನೋಡದೆ ಕೇಬಲ್ ಹಾಕಲು ಅಗೆದವರ ಗುದ್ದಲಿ ನೀರಿನ ಪೈಪಿಗೆ ತಗುಲಿದರೆ ಇಡೀ ಹಾಸ್ಟೆಲ್‌ನ ನಲ್ಲಿಗಳು ಒಣಗುತ್ತವೆ. ಅದಕ್ಕಾಗಿಯೇ ಅಗೆಯುವ ಮುನ್ನ ಎಂಜಿನಿಯರಿಂಗ್ ವಿಭಾಗದ ಲಿಖಿತ ಅನುಮತಿ ಕಡ್ಡಾಯವಾಗಿರಬೇಕು.

ಕಟ್ಟಡಗಳ ವಿಷಯದಲ್ಲಿ ಪ್ರತಿ ಕೊಠಡಿಯ ಅಳತೆ, ಬಳಕೆ ಮತ್ತು ಸ್ಥಿತಿಯನ್ನು ದಾಖಲಿಸಿ, ಅಗ್ನಿ ಸುರಕ್ಷತೆ, ಲಿಫ್ಟ್, ವಿದ್ಯುತ್ ವ್ಯವಸ್ಥೆಗಳನ್ನು ನಿಯತವಾಗಿ ಪರೀಕ್ಷಿಸಲಾಗುತ್ತದೆ. ಮಳೆಗಾಲಕ್ಕೆ ಮುನ್ನ ತಾರಸಿಯ ಕೊಳವೆಯಲ್ಲಿ ಕಟ್ಟಿಕೊಂಡ ಒಣಎಲೆಗಳನ್ನು ತೆಗೆಯದಿದ್ದರೆ ನಿಂತ ನೀರು ನಿಧಾನವಾಗಿ ಪ್ರಯೋಗಾಲಯದ ಗೋಡೆಗಿಳಿಯುತ್ತದೆ. ಹೊಸ ಕಟ್ಟಡಕ್ಕೆ ದಾನಿಗಳು ಸಿಗುವಷ್ಟು ಸುಲಭವಾಗಿ ದುರಸ್ತಿಗೆ ಸಿಗುವುದಿಲ್ಲ. ಆದ್ದರಿಂದ ಕಟ್ಟುವಾಗಲೇ ಅದರ ನಿರ್ವಹಣೆಗೆಂದು ಪ್ರತ್ಯೇಕ ನಿಧಿಯನ್ನು ತೆಗೆದಿಡುವುದು ಅತ್ಯಗತ್ಯ.