ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕು ಸಿವಿಲ್ ಕೇಸ್ ಹಾಕಿ ಸಮನ್ಸ್ ಬಂದಿದೆ. ರಾಜಿ ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು. ಆದರೆ ಕೋರ್ಟಿಗೆ ಹೋಗದೆ ಸುಮ್ನೆ ಕೂರಬೇಡಿ. ನೀವು ಗೈರಾದರೆ ಏಕಪಕ್ಷೀಯವಾಗಿ ಡಿಕ್ರಿ (ಹಣ ಕಟ್ಟಿ ಅನ್ನುವ ಕೋರ್ಟ್ ತೀರ್ಪು) ಆಗಬಹುದು. ಆಮೇಲೆ ಬ್ಯಾಂಕ್ ಖಾತೆ ಜಪ್ತಿಗೂ ಅರ್ಜಿ ಬರುತ್ತದೆ.

ಸಮನ್ಸಿನಲ್ಲಿ 'ಆರ್ಡರ್ 37' (ಬೇಗ ತೀರ್ಮಾನವಾಗುವ ಸಂಕ್ಷಿಪ್ತ ದಾವೆ) ಅಂತ ಇದ್ದರೆ 10 ದಿನದೊಳಗೆ ಹಾಜರಾತಿ ಹಾಕಬೇಕು. ಮಾಮೂಲಿ ದಾವೆಯಾದರೆ ಲಿಖಿತ ಉತ್ತರಕ್ಕೆ 30 ದಿನ, ಕೋರ್ಟು ಒಪ್ಪಿದರೆ 90ರವರೆಗೆ. ವಕೀಲರ ಫೀಸು ಕಷ್ಟವಾದರೆ ಅದೇ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ದಾವೆ ಜೊತೆ ಬಂದ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ಓದಿ. ಅಸಲು ಎಷ್ಟು, ಬಡ್ಡಿ ಎಷ್ಟು, ಲೇಟ್ ಫೀ ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ನೀವು ಕಟ್ಟಿದ ಹಣ ಜಮಾ ಆಗಿದೆಯಾ ನೋಡಿ. ಕೊನೇ ಸಲ ಕಟ್ಟಿದ ತಾರೀಖು ತುಂಬಾ ಮುಖ್ಯ. ಅಲ್ಲಿಂದ 3 ವರ್ಷ ದಾಟಿದ ಮೇಲೆ ಕೇಸ್ ಹಾಕಿದ್ದರೆ ವಾಯಿದೆ (ಕೇಸ್ ಹಾಕಲು ಕಾನೂನು ಕೊಟ್ಟ ಅವಧಿ) ಮೀರಿದೆ ಅಂತ ವಾದಿಸಬಹುದು. ಸಾಲ ಒಪ್ಪಿ ಬರೆದುಕೊಟ್ಟರೆ ಈ ವಾದ ಕೈತಪ್ಪಬಹುದು, ಹಾಗಾಗಿ ವಕೀಲರಿಗೆ ತೋರಿಸುವ ಮೊದಲು ಸಾಲ ಒಪ್ಪಿ ಏನೂ ಬರೆದುಕೊಡಬೇಡಿ.

ರಾಜಿಗೆ ಲೋಕ ಅದಾಲತ್ (ಮಾತುಕತೆಯಲ್ಲಿ ಕೇಸ್ ಮುಗಿಸುವ ಜನತಾ ನ್ಯಾಯಾಲಯ) ಒಳ್ಳೆಯ ಜಾಗ. ಅಲ್ಲಿ ಮುಗಿದರೆ ಬ್ಯಾಂಕಿಗೆ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ, ಅದಕ್ಕೇ ಅವರೂ ಸ್ವಲ್ಪ ಇಳಿಯುತ್ತಾರೆ. ಅಸಲಿನ ಲೆಕ್ಕದಿಂದಲೇ ಮಾತು ಶುರು ಮಾಡಿ. ನಿಜವಾಗಿ ಕಟ್ಟಲು ಆಗುವ ಮೊತ್ತವನ್ನೇ ಹೇಳಿ, ಯಾಕಂದ್ರೆ ಅಲ್ಲಿ ಆಗುವ ಅವಾರ್ಡ್ (ರಾಜಿಯ ಆದೇಶ) ಮೇಲೆ ಅಪೀಲು ಇಲ್ಲ.

ಫೋನಿನಲ್ಲಿ ಏಜೆಂಟ್ ಕೊಟ್ಟ ಮಾತನ್ನು ನಂಬಿ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಮೊತ್ತ, ಕಂತಿನ ತಾರೀಖು, ಕೇಸ್ ಮುಗಿಸುವ ಮಾತು ಮೂರೂ ಇರಲಿ. ಹಣ ಕಟ್ಟಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಕಡಿಮೆ ಕಟ್ಟಿ ಮುಗಿಸಿದರೆ ಸಿಬಿಲ್‌ನಲ್ಲಿ (ನಿಮ್ಮ ಸಾಲದ ಇತಿಹಾಸದ ವರದಿ) 'ಸೆಟಲ್ಡ್' ಅಂತ ಬರುತ್ತದೆ, ಮುಂದೆ ಹೊಸ ಸಾಲ ಸಿಗುವುದು ಕಷ್ಟವಾಗಬಹುದು.