ಕ್ಲೋರಿನ್ ಹಾಕಿದರೆ ಸಾಕಾ?

ಚರಂಡಿ ವಾಸನೆ ಬರುತ್ತಿದ್ದ ನಲ್ಲಿ ನೀರಿಗೆ ನಗರಪಾಲಿಕೆ ಕ್ಲೋರಿನ್ ಹಾಕಿದೆ, ಇನ್ನು ಕಾಯಿಸದೆ ಕುಡಿಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಕೊಳಕು ಸೇರುವುದು ಹೆಚ್ಚಾಗಿ ದಾರಿಯಲ್ಲಿ. ನೀರು ಬಿಡುವುದು ನಿಂತಾಗ ಪೈಪಿನ ಒತ್ತಡ ಇಳಿಯುತ್ತದೆ, ಬಿರುಕಿನಿಂದ ಪಕ್ಕದ ಚರಂಡಿ ನೀರು ಒಳಗೆ ನುಗ್ಗುತ್ತದೆ. ಆ ಬಿರುಕು ಮುಚ್ಚದೆ ಸುಮ್ನೆ ಕ್ಲೋರಿನ್ ಜಾಸ್ತಿ ಮಾಡಿದರೆ ಏನು ಬಂತು? ನಿಮ್ಮ ಮನೆಯ ನಲ್ಲಿಯಲ್ಲೇ ಪರೀಕ್ಷೆ ಮಾಡಿಸಿ ಅಂತ ಪಟ್ಟು ಹಿಡಿಯಿರಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 100 ಮಿಲಿ ನೀರಿನಲ್ಲಿ ಇ-ಕೋಲಿ (ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ವರದಿ ಕೈಗೆ ಬರುವ ತನಕ ನೀರನ್ನು ಕೊತಕೊತ 1 ನಿಮಿಷ ಕುದಿಸಿ. ಹಲ್ಲುಜ್ಜಲೂ ಅದೇ ನೀರು, ಮಗುವಿನ ಹಾಲಿನ ಪುಡಿಗೂ ಅದೇ. ಸೀಸವೋ ನೈಟ್ರೇಟೋ ಇದ್ದರೆ ಮಾತ್ರ ಕುದಿಸಿ ಪ್ರಯೋಜನವಿಲ್ಲ, ಆಗ ಬೇರೆ ನೀರೇ ಬೇಕು.